ವಾಡೆಯೊಳಗಿನ ಎರಡನೇ ಭಾಗ

ಹೊನ್ನೂರಿನ ಸುವರ್ಣಮ್ಮನ ಹಿಟ್ಟಿನ ಮಿಲ್ಲಿಗೆ ಹೋದವರು ತಲೆ ಮೇಲೆ ಹಿಟ್ಟು, ಕಿವಿ ತುಂಬ ಕತೆ ಹೊತ್ತು ಬರುತ್ತಾರೆ. ಆಕೆ ಓದಿದ್ದನ್ನು ಹೇಳುವುದು, ಪಕ್ಕದ್ಮನೆ ಪ್ರೇಮಾ ಹೂಂಗುಟ್ಟುವುದು. ಹೂಂ ಅನ್ನುವವರಿಲ್ಲದೆ ಕತೆ ಎಲ್ಲಿ ನಡೆದೀತು?

ಕೊಳ್ಳೇಗಾಲಕ್ಕೆ ಹೋದಾಗಲೆಲ್ಲ ಸುವರ್ಣಮ್ಮ ಹಳೇ ಪುಸ್ತಕ ತರುತ್ತಾಳೆ. ಕೊಳ್ಳುವ ಕೈ ದೊಡ್ಡದು, ಓದುವ ಹೊತ್ತು ಚಿಕ್ಕದು. ಹಾಗಾಗಿ ಓದದ ಪುಸ್ತಕಗಳಿಗೆ ಅಟ್ಟದ ಪಕ್ಕದ ವಾಡೆಯೇ ಮನೆಯಾಯಿತು. ತೀರಿಹೋದ ಅತ್ತೆಯ ಕಾಲದಲ್ಲಿ ರಾಗಿ ತುಂಬುತ್ತಿದ್ದ ಮಣ್ಣಿನ ವಾಡೆ ಅದು. ಮೇಲಿನ ಬಾಯಿಂದ ಹಾಕುವುದು, ಕೆಳಗಿನ ಕಂಡಿಯಿಂದ ಕೈಗೆ ಸಿಕ್ಕಿದ್ದನ್ನು ಎಳೆಯುವುದು. ಆರಿಸುವ ಹಾಗಿಲ್ಲ, ಬಂದದ್ದೇ ಪಾಲು ಎಂಬುದು ಆಕೆಯೇ ಮಾಡಿಕೊಂಡ ಕಟ್ಟಳೆ. ಕತೆಯೊಂದು ಸಾರು, ವಿಷಯದ ಪುಸ್ತಕವೊಂದು ಮುದ್ದೆ, ಎರಡೂ ಜೊತೆಗಿರಬೇಕು. ಆದರೆ ಆಕೆ ಸಾರು ಸುರಿದುಕೊಂಡು ಮುದ್ದೆ ಬಿಡುವ ಪೈಕಿ. ಮಿಲ್ಲಿನ ಕಿಟಕಿಯಲ್ಲಿ ಓದದ ಮುದ್ದೆ-ಪುಸ್ತಕಗಳು ಪೇರಿಕೊಂಡವು.

ಈ ಸಲ ಗಂಗಿ ಎಂಬ ಹುಡುಗಿಯ ಕತೆ. ಮೊದಲ ಭಾಗದ ಕೊನೆಗೆ ಅವಳು ಒಬ್ಬಳೇ ಹರಿಗೋಲು ಹತ್ತಿ ನಡುಹೊಳೆಗೆ ಬಂದಿದ್ದಳು. ಎರಡನೇ ಭಾಗ ವಾಡೆಯಲ್ಲಿ. ಸುವರ್ಣಮ್ಮ ಮನೆಗೆ ಬಂದು ನೋಡಿದರೆ, ವಾಡೆ ತುಂಬ ಹೊಸ ರಾಗಿ! ವಾಡೆಯ ಮೈಮೇಲೆ ವಿಭೂತಿ ಪಟ್ಟೆ!

"ಇದೇನ್ರೀ, ನನ್ ಪುಸ್ತಕದ್ ಮೇಲೇ ಉಯ್ದ್‌ಬುಟ್ರಾ?"

"ರಾಗಿಗ್ ಉಳ ಬೀಳಕಿಲ್ಲ ಕಣಮ್ಮಿ, ನಿನ್ ಪುಸ್ತಕಕ್ಕೂ ಬೀಳಕಿಲ್ಲ" ಅಂದ ಗಂಡ ಕೆಂಪನಂಜಪ್ಪ. "ವಿಭೂತಿ ಇಟ್ಮೇಲೆ ಅಮಾಸೆ ಗಂಟ ಕೈ ಆಕಂಗಿಲ್ಲ. ಅವ್ವ ಮಾಡಿದ್ ಕಟ್ಲೆ."

ಮಾರನೆಯ ದಿನ ಮಿಲ್ಲಿನಲ್ಲಿ ಪ್ರೇಮಾ ಕೇಳಿದಳು, "ಅಕ್ಕಾ, ಗಂಗಿ ದಡ ಸೇರುದ್ಲಾ?"

"ಗಂಗಿ ರಾಗಿ ಒಳಗವ್ಳೆ ಕಣೇ."

"ನೀನೇ ಏನಾರ ಕಟ್ಟಿ ಏಳ್‌ಬುಡು."

"ಬರೆದೋರು ಒಂದ್ ಏಳಿ, ನಾ ಒಂದ್ ಏಳಿ, ಆ ಉಡ್ಗಿ ಯಾವ್ ದಡಕ್ಕೆ ಓಗ್ಬೇಕು?"

ಬೇರೆ ದಾರಿ ಕಾಣದೆ ಸುವರ್ಣಮ್ಮ ಕಿಟಕಿಯ ಮುದ್ದೆಗೆ ಕೈ ಹಾಕಿದಳು. ಸಿಕ್ಕಿದ್ದು ಹೊಳೆ, ದೋಣಿಗಳ ಮೇಲಿನ ಪುಸ್ತಕ. ಒಂದೇ ಕಡೆ ಹುಟ್ಟು ಹಾಕಿದರೆ ಹರಿಗೋಲು ಮುಂದೆ ಹೋಗದೆ ಬುಗುರಿಯಂತೆ ತಿರುಗುತ್ತದಂತೆ. ಓದಿ ಹೇಳಿದಳು. ಹಿಟ್ಟಿಗೆ ಬಂದಿದ್ದ ಹೆಂಗಸರು "ಅಯ್ಯೋ" ಅಂದರು. ಮೊದಲ ಭಾಗದಲ್ಲಿ ಗಂಗಿ ಹುಟ್ಟು ಹಾಕಿದ್ದು ಬಲಗಡೆ ಮಾತ್ರ! ಮೂಟೆ ಇಳಿಸುತ್ತಿದ್ದ ಕೆಂಪನಂಜಪ್ಪನೂ ಮೂಟೆ ಹೆಗಲಲ್ಲೇ ಇಟ್ಟುಕೊಂಡು ನಿಂತ.

ಅವತ್ತು ಉಣ್ಣಲು ಕೂತವನು ಮುದ್ದೆ ಮುರಿಯಲಿಲ್ಲ. "ಅಲ್ಲಾ ಕಣಮ್ಮಿ, ಆ ಉಡ್ಗಿಗ್ ಯಾರಾದ್ರೂ ಏಳ್ಬಾರ್ದಾ, ಎಡಕ್ಕೂ ಉಟ್ಟಾಕು ಅಂತ?"

"ಅಮಾಸೆ ಬರ್ಲಿ ಬುಡಿ."

"ಅಷ್ಟೊತ್ಗೆ ಮುಳುಗೋಯ್ತಾಳೆ!"

ಎದ್ದವನೇ ಪಂಚೆ ತುದಿಯಿಂದ ವಾಡೆಯ ವಿಭೂತಿ ಒರೆಸಿ, "ಅವ್ವಾ, ಬೈಯಂಗಿದ್ರೆ ನನ್ನ ಬೈಯಿ" ಅಂತ ಕಂಡಿ ತೆಗೆದ. ರಾಗಿ ಜಲಜಲ ಸುರಿಯಿತು. ಸದ್ದು ಕೇಳಿ ಪಕ್ಕದ್ಮನೆಯಿಂದ ಪ್ರೇಮಾ ಮೊರ ಹಿಡಿದು ಓಡಿಬಂದಳು. ರಾಗಿಯ ಬೆನ್ನಿಗೇ ಒಂದು ಪುಸ್ತಕ ಜಾರಿತು. ಎರೆಹುಳು ಸಾಕಣೆ!

"ಬಂದದ್ದೇ ಪಾಲು ಅಲ್ವೇನಕ್ಕಾ?" ಪ್ರೇಮಾ ಕಿಸಕ್ಕೆಂದಳು.

ಸುವರ್ಣಮ್ಮ ಎರೆಹುಳುವನ್ನೂ ನೋಡಿದಳು, ಗಂಡನನ್ನೂ ನೋಡಿದಳು. "ಅತ್ತೆ ಕಟ್ಲೆನೇ ಮುರುದ್ಮೇಲೆ ನಂದ್ಯಾವ್ ದೊಡ್ದು?" ಅಂದವಳೇ ಮೊಣಕೈವರೆಗೂ ಕೈ ತೂರಿಸಿ ತಡಕಿ, ಎರಡನೇ ಭಾಗವನ್ನು ಎಳೆದೇ ಎಳೆದಳು.

ಮಾರನೆಯ ದಿನ ಮಿಲ್ಲು ನಿಂತಿತು, ಕತೆ ಶುರುವಾಯಿತು. ಪುಟ ಮಗುಚಿದರೆ ರಾಗಿ ಉದುರುತ್ತಿತ್ತು. ಗಂಗಿ ಎಡಕ್ಕೂ ಹುಟ್ಟು ಹಾಕಿದಳು. ಪ್ರೇಮಾ ಬಾಯಿ ತೆರೆಯುವ ಮೊದಲೇ ಮೂಟೆಗಳ ಸಂದಿಯಿಂದ ಗಂಡುದನಿಯ "ಹೂಂ" ಕೇಳಿಸಿತು.