ಪೈಲ್ವಾನನಿಗೆ ಜೊತೆಗಾರರು

ಆ ಬೀದಿಗೆಲ್ಲ ಅವಳು ಟೋಕನ್ ಅಕ್ಕ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಬಾಗಿಲ ಪಕ್ಕದ ಮೇಜು ಅವಳದು. ಟೋಕನ್ ಕೊಡುವುದು ಸುಲಭ, ಜನರನ್ನು ಕೂರಿಸುವುದೇ ಕಷ್ಟ. ಹಲ್ಲುನೋವಿನವರಿಗೆ ಮೂಗಿನ ತುದಿಯಲ್ಲೇ ಕೋಪ. ಫೋನಿನಲ್ಲಿ ಅರಚುವವರ ಪಕ್ಕ ನಿದ್ದೆಗೆಟ್ಟವರು ಕೂತರೆ ಮಾತಿಗೆ ಮಾತು ಬೆಳೆದುಬಿಡುತ್ತಿತ್ತು. ಅವಳು ಮುಖ ನೋಡಿಯೇ ಅಂದಾಜು ಮಾಡಿ, "ಈ ಕಡೆ ಬನ್ನಿ ಅಣ್ಣ, ಇಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ" ಎಂದು ಒಬ್ಬರನ್ನು ಆಚೆ ಮೂಲೆಗೆ ಸಾಗಹಾಕುತ್ತಿದ್ದಳು.

ಕಾಯುವವರ ಭಯ ಇಳಿಯಲಿ ಎಂದು ಡಾಕ್ಟರಮ್ಮ ಒಂದು ಗಾಜಿನ ತೊಟ್ಟಿ ತರಿಸಿದರು. ಮಿಣಮಿಣ ಮಿನುಗುವ ಪುಟ್ಟ ಮೀನುಗಳ ಜೊತೆ, ಕಪ್ಪು ಮೈಮೇಲೆ ಕಿತ್ತಳೆ ಬಣ್ಣ ಚೆಲ್ಲಿದಂತಿದ್ದ ಹೆಬ್ಬೆರಳುದ್ದದ ಒಂದು ಮರಿಯೂ ಬಂತು. ಅದು ಆಸ್ಕರ್ ಎಂಬ, ದೊಡ್ಡದಾಗಿ ಬೆಳೆಯುವ ಜಾತಿಯದು. ತಿಂಗಳುಗಳು ಕಳೆದಂತೆ ಮರಿ ಅಂಗೈಯಷ್ಟಾಯಿತು, ತೊಟ್ಟಿಯಲ್ಲಿ ಮಿನುಗುವುದು ಕಡಿಮೆಯಾಯಿತು. ಉಳಿದಿದ್ದ ಕೊನೆಯ ಪುಟ್ಟ ಮೀನನ್ನು ಅದು ಗುಳುಂ ಮಾಡಿದ್ದು ತುಂಬಿದ ಮೊಗಸಾಲೆಯ ಎದುರೇ. ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದ ಅಜ್ಜಿಯೊಬ್ಬರು, "ಇದಕ್ಕಂತೂ ಹಲ್ಲಿನ ತೊಂದರೆ ಇಲ್ಲ ಬಿಡಿ" ಎಂದರು. ಅಂದಿನಿಂದ ಅದಕ್ಕೆ ಪೈಲ್ವಾನ ಎಂಬ ಹೆಸರು ನಿಂತಿತು.

ಖಾಲಿ ತೊಟ್ಟಿಯಲ್ಲಿ ಪೈಲ್ವಾನ ಒಂಟಿಯಾಗಿ ಅತ್ತಿಂದಿತ್ತ ತಿರುಗುವುದನ್ನು ನೋಡಿ ಟೋಕನ್ ಅಕ್ಕನ ಕರುಳು ಚುರ್ ಎಂದಿತು. ಬಾಯಿ ಇರುವುದು ಮೇಲೆ, ತಳದಲ್ಲಿ ಓಡಾಡುವವರ ತಂಟೆಗೆ ಇದು ಹೋಗಲಾರದು ಎಂಬುದು ಅವಳ ಲೆಕ್ಕಾಚಾರ. ಮೀನಿನ ಅಂಗಡಿಗೆ ಹೋಗಿ, ಮರಳು ಕೆದಕಿಕೊಂಡಿರುವ ಮೀಸೆಯ ಪುಟ್ಟ ಮೀನೊಂದನ್ನು ತಂದು ಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಪೈಲ್ವಾನ ಬಾಯಿ ತೆರೆದುಕೊಂಡು ಒದ್ದಾಡುತ್ತಿದ್ದ. ಮೀಸೆಯ ಮೀನಿನ ಬಾಲ ತುಟಿಯಾಚೆ ಕಾಣುತ್ತಿತ್ತು. ಆ ಜಾತಿಗೆ ಪಕ್ಕದಲ್ಲಿ ಮುಳ್ಳುಗಳು. ಹೆದರಿದರೆ ಕೊಡೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತವೆ. ನುಂಗಲೂ ಆಗದು, ಉಗುಳಲೂ ಆಗದು.

"ಡಾಕ್ಟರಮ್ಮ, ಸ್ವಲ್ಪ ಹೊರಗೆ ಬನ್ನಿ. ಅರ್ಜೆಂಟ್ ಕೇಸು."

"ಟೋಕನ್ ಇದೆಯಾ?" ಎನ್ನುತ್ತಲೇ ಬಂದ ಡಾಕ್ಟರಮ್ಮ ತೊಟ್ಟಿ ನೋಡಿ ಗಂಭೀರರಾದರು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಪೋಸ್ಟ್‌ಮ್ಯಾನ್‌ಗೆ, "ಹಾಗೇ ಇರಿ, ಬಂದೆ" ಎಂದು ಹೇಳಿ ಚಿಮಟ ತಂದರು. ಟೋಕನ್ ಅಕ್ಕ ಒದ್ದೆ ಟವೆಲ್‌ನಲ್ಲಿ ಪೈಲ್ವಾನನನ್ನು ಕೂಸಿನಂತೆ ಸುತ್ತಿ ಹಿಡಿದಳು. ಕಾಯುತ್ತಿದ್ದವರೆಲ್ಲ ನೋವು ಮರೆತು ಸುತ್ತ ನೆರೆದರು. ಡಾಕ್ಟರಮ್ಮ ಸಣ್ಣ ಕತ್ತರಿಯಿಂದ ಮುಳ್ಳು ಕತ್ತರಿಸಿ, ಉಸಿರು ಬಿಗಿಹಿಡಿದು, ಮೀಸೆಯ ಮೀನನ್ನು ಹೊರಗೆಳೆದರು. ಪಾಪದ ಜೀವ, ಅದು ಉಳಿದಿರಲಿಲ್ಲ. ಪೈಲ್ವಾನ ಮಾತ್ರ ನೀರಿಗೆ ಬಿಟ್ಟೊಡನೆ ಬಾಲ ಬೀಸಿ ಇಬ್ಬರ ಮುಖಕ್ಕೂ ನೀರೆರಚಿದ.

ಟೋಕನ್ ಅಕ್ಕನಿಗೆ ಆ ಸಂಜೆ ಅನ್ನ ಇಳಿಯಲಿಲ್ಲ. ಒಂದು ಜೀವ ತನ್ನ ಅವಸರಕ್ಕೆ ಹೋಯಿತಲ್ಲ ಎಂಬ ಸಂಕಟ. ಮರುದಿನ ಮೀನಿನ ಅಂಗಡಿಯವನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಆ ಮುಳ್ಳಿನ ವಿಷಯ ಮುಂಚೆಯೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

"ಸರಿ, ಈಗ ಕೇಳ್ತಿದ್ದೀನಿ. ಹೇಳೋ ತನಕ ಹೋಗೋದೂ ಇಲ್ಲ."

ಅಂಗಡಿಯವನು ನಕ್ಕು ಸ್ಟೂಲು ಮುಂದೆ ತಳ್ಳಿದ. ಪೈಲ್ವಾನನ ಬಾಯಲ್ಲಿ ಹಿಡಿಯುವ ಯಾವ ಮೀನೂ ಅದಕ್ಕೆ ಜೊತೆಯಲ್ಲ, ಊಟ ಎಂದ. ಹಾಗಂತ ಅದರಷ್ಟೇ ಜಗಳಗಂಟ ಮೀನನ್ನು ತಂದರೆ ಇಬ್ಬರಲ್ಲಿ ಒಬ್ಬರೇ ಉಳಿಯೋದು. ಗಾತ್ರದಲ್ಲಿ ಸಮ, ಸ್ವಭಾವದಲ್ಲಿ ತಂಪು, ಅಟ್ಟಿಸಿಕೊಂಡು ಬಂದರೆ ತಪ್ಪಿಸಿಕೊಳ್ಳೋ ಚುರುಕು, ಇವು ಮೂರೂ ಬೇಕು. "ಅದಕ್ಕಿಂತ ಮೊದಲು ಮನೆ ದೊಡ್ಡದು ಮಾಡಿ. ಅಷ್ಟು ಇಕ್ಕಟ್ಟಿನಲ್ಲಿ ನಾನಾದರೂ ಕಚ್ಚುತ್ತೀನಿ."

ದೊಡ್ಡ ತೊಟ್ಟಿಗೆ ಜಾಗವೆಲ್ಲಿ ಎಂದು ಡಾಕ್ಟರಮ್ಮ ರಾಗ ಎಳೆದರು. ಕಾಲು ಮುರಿದ ಹಳೆಯ ಬೆಂಚನ್ನು ಟೋಕನ್ ಅಕ್ಕ ತಾನೇ ಹೊರಗೆ ಎಳೆದುಹಾಕಿ, "ಇಲ್ಲಿ" ಎಂದಳು. ಹೊಸ ತೊಟ್ಟಿಯ ನೀರು ಹದಕ್ಕೆ ಬರಲು ವಾರಗಟ್ಟಲೆ ಕಾಯಬೇಕಾಯಿತು. ಕೊನೆಗೆ ಪೈಲ್ವಾನನನ್ನು ಅದರೊಳಗೆ ಬಿಟ್ಟು ಅವಳು ಮನೆಗೆ ಹೋದಳು.

ಬೆಳಿಗ್ಗೆ ಬಂದು ನೋಡಿದರೆ ಪೈಲ್ವಾನ ತಳದಲ್ಲಿ ಒಂದು ಪಕ್ಕಕ್ಕೆ ವಾಲಿ ಮಲಗಿದ್ದ. ತಕ್ಷಣ ಅಂಗಡಿಯವನಿಗೆ ಫೋನ್ ಮಾಡಿದಳು.

"ಕಿವಿರು ಆಡ್ತಿದೆಯಾ?"

"ಆಡ್ತಿದೆ. ಕಣ್ಣೂ ತಿರುಗಿಸಿ ನನ್ನನ್ನೇ ನೋಡ್ತಿದೆ."

"ಹಾಗಿದ್ರೆ ಅದು ಮುನಿಸು ಅಕ್ಕ. ಮನೆ ಬದಲಾದರೆ ಈ ಜಾತಿ ಹೀಗೇ ಮುಖ ಊದಿಸಿಕೊಳ್ಳುತ್ತೆ. ನಮ್ಮ ಅತ್ತೆ ಥರ. ಮಾತಾಡಿಸೋಕೆ ಹೋಗಬೇಡಿ."

ಮುನಿಸು ಇಳಿಯುವುದಕ್ಕೆ ಮೊದಲೇ, ಇದು ತನ್ನ ಜಾಗ ಎಂದು ಪೈಲ್ವಾನ ಗಡಿ ಹಾಕಿಕೊಳ್ಳುವ ಮುನ್ನವೇ, ಹೊಸಬರನ್ನು ಒಟ್ಟಿಗೆ ಬಿಡಬೇಕು ಎಂದೂ ಅವನು ಹೇಳಿದ. ಬೆಳ್ಳಿ ನಾಣ್ಯದಂತೆ ದುಂಡಗೆ, ಚಪ್ಪಟೆಯಾಗಿದ್ದ ಮೀನುಗಳ ಒಂದು ಗುಂಪು ಬಂತು. ಜೊತೆಗೆ ಮೈಯೆಲ್ಲ ರಕ್ಷಾಕವಚದಂತೆ ಗಟ್ಟಿಯಾಗಿದ್ದ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಮೇಯುವ ದೊಡ್ಡ ಮೀನು. ಪೈಲ್ವಾನನಿಗೆ ಮೊದಲು ಹೊಟ್ಟೆ ತುಂಬಿಸಿ, ದೀಪ ಆರಿಸಿ, ಬಂದವರನ್ನು ನೀರಿಗಿಳಿಸಿದರು. ಅವನು ಎದ್ದು ಬೆನ್ನಟ್ಟಿದ. ನಾಣ್ಯಗಳು ಚೆಲ್ಲಾಪಿಲ್ಲಿಯಾಗಿ ಮತ್ತೆ ಗುಂಪುಗೂಡಿದವು. ಯಾರನ್ನು ಅಟ್ಟುವುದೆಂದು ತೋಚದೆ ಅವನು ನಡುವೆ ನಿಂತ. ಕವಚದವನ ಬೆನ್ನಿಗೆ ಒಮ್ಮೆ ಮೂತಿ ತಗುಲಿಸಿ ನೋಡಿ, ಗೋಡೆಗೆ ಗುದ್ದಿದವರಂತೆ ಹಿಂದೆ ಸರಿದ. ವಾರ ಕಳೆಯುವಷ್ಟರಲ್ಲಿ ಅವನಿಗೂ ಬೇಸರ ಬಂತು. ಊಟದ ವೇಳೆಗೆ ಮಾತ್ರ ಯಜಮಾನಿಕೆ ತೋರಿಸಿ, ಉಳಿದಂತೆ ನಾಣ್ಯಗಳ ಹಿಂದೆ ತಾನೂ ತೇಲತೊಡಗಿದ.

ಸುದ್ದಿ ಹರಡಿತು. ಹಲ್ಲು ಸರಿ ಇರುವವರೂ ಕ್ಲಿನಿಕ್ಕಿಗೆ ಇಣುಕಿ ಟೋಕನ್ ಅಕ್ಕನ ಸಲಹೆ ಕೇಳುವಂತಾಯಿತು. ಒಂದು ದಿನ ಆ ಪೋಸ್ಟ್‌ಮ್ಯಾನ್ ದವಡೆ ಹಲ್ಲು ಕೀಳಿಸಿಕೊಂಡು, ಮರಗಟ್ಟಿದ ತುಟಿಯಲ್ಲೇ ತೊದಲುತ್ತ ಅವಳ ಮೇಜಿಗೆ ಬಂದ. ಮಗಳು ಮನೆಗೊಂದು ರೌಡಿ ಮೀನು ತಂದಿದ್ದಾಳೆ, ಜೊತೆಗೆ ಯಾವುದನ್ನು ಬಿಡಬಹುದು ಎಂಬುದು ಅವನ ಪ್ರಶ್ನೆ.

"ಮೊದಲು ಬಾಯಿ ಎಷ್ಟಗಲ ಇದೆ, ತೋರಿಸಿ" ಎಂದಳು ಟೋಕನ್ ಅಕ್ಕ.

ಅವನು ವಿಧೇಯನಾಗಿ ಬಾಯಿ ತೆರೆದ.

"ನಿಮ್ಮದಲ್ಲ ಅಣ್ಣ, ಮೀನಿಂದು."