ಉಡಿ ತುಂಬಿದ ಮೇಲೆ

2020ರ ಜುಲೈ ಮೊದಲ ವಾರದಲ್ಲಿ ಗದಗಿನ ನಮ್ಮ ದಿನಪತ್ರಿಕೆ ಮುದ್ರಣ ನಿಲ್ಲಿಸಿತು. ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗಿನಿಂದಲೇ ಜಾಹೀರಾತು ಇರಲಿಲ್ಲ. ಮಾಲೀಕರು ಡೆಸ್ಕಿನಲ್ಲಿದ್ದ ನಮ್ಮನ್ನೆಲ್ಲ ಕೂಡ್ರಿಸಿ, ಚಹಾ ತರಿಸಿ, ನಾಳೆಯಿಂದ ಬರುವುದು ಬೇಡ ಎಂದರು. ಕೊನೆಯ ಸಂಚಿಕೆಯಲ್ಲಿ ಆ ಸುದ್ದಿ ಇರಲಿಲ್ಲ. ಅದರ ಮುಖಪುಟ ಕಟ್ಟಿದವನು ನಾನೇ.

ನಾವಿದ್ದದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ, ಬಾಡಿಗೆ ಮನೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದರೆ ಪಕ್ಕದ ಮನೆಯ ಮಗ್ಗದ ಸದ್ದಿಗೂ ನನಗೆ ಎಚ್ಚರವಾಗುತ್ತಿರಲಿಲ್ಲ. ಹೆಂಡತಿ ರೊಟ್ಟಿ ಬಡಿಯತೊಡಗಿದರೆ ಆಗುತ್ತಿತ್ತು. ಎದ್ದು ಮುಖ ತೊಳೆದು ಅವಳ ಪಕ್ಕದಲ್ಲೇ ಕೂಡುತ್ತಿದ್ದೆ. ಹಂಚಿನಿಂದ ತೆಗೆದ ರೊಟ್ಟಿ ನೇರ ನನ್ನ ತಾಟಿಗೆ ಬರುತ್ತಿತ್ತು. ದಿನದಲ್ಲಿ ನಾವಿಬ್ಬರೂ ಸಮಾಧಾನವಾಗಿ ಮಾತಾಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಸಂಬಳವಿಲ್ಲದೆ ಮನೆ ಉಳಿಸಿಕೊಳ್ಳುವುದು ಆಗದೆಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕನೇ ತರಗತಿಯ ಮಗಳಿಗೆ ಶಾಲೆ ಇರಲಿಲ್ಲ. ಮನೆ ಬಿಡುವುದು, ನನಗೆ ಕೆಲಸ ಸಿಗುವವರೆಗೆ ತಾಯಿ ಮಗಳು ತವರಿನಲ್ಲಿರುವುದು ಎಂದು ಮಾತಾಯಿತು. ಓಣಿಯವರಿಗೆ ಏನು ಹೇಳುವುದೆಂಬ ಕಷ್ಟವನ್ನು ನಾಗರ ಪಂಚಮಿ ತಪ್ಪಿಸಿತು. ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಮದುವೆಯಾದ ಹೆಣ್ಣುಮಕ್ಕಳನ್ನು ಜೋಕಾಲಿ ಆಡಲು ತವರಿಗೆ ಕರೆದೊಯ್ಯುತ್ತಾರೆ. ಅದಕ್ಕೆ ಕಾರಣ ಕೇಳುವವರಿಲ್ಲ.

ಕೊರ್ಲಹಳ್ಳಿಯಿಂದ ಅವಳ ತಮ್ಮ ಟಂಟಂ ಗಾಡಿ ತಂದ. ಅಕ್ಕ ಹೊರಗಿಟ್ಟಿದ್ದ ಕೌದಿ, ಮಿಕ್ಸರ್, ಹಂಚು, ಕೊಡಗಳನ್ನು ನೋಡಿದ.

“ಅಕ್ಕಾ, ಜೋಕಾಲಿ ಆಡಾಕ ಹೊಂಟೀಯೋ, ಊರೂರು ತಿರುಗಿ ಭಾಂಡೆ ಮಾರಾಕ ಹೊಂಟೀಯೋ?”

“ಮಳಿಗಾಲ ಐತಿ, ಥಂಡಿ ಆಕ್ಕೈತಿ. ಬಾಯಿ ಮುಚ್ಚಿ ಗಾಡಿಗೆ ಹಾಕು.”

“ಥಂಡಿಗೆ ಮಿಕ್ಸರ್ ಹೊಚಗೊಂಡು ಮಲಗ್ತಾರೇನು, ಮಾಮಾ?” ಎಂದು ನನ್ನ ಕಡೆ ನೋಡಿದ. ನನ್ನ ಮುಖ ನೋಡಿದ ಮೇಲೆ ಹಗ್ಗ ಬಿಗಿಯತೊಡಗಿದ.

ಪಕ್ಕದ ಮನೆಯ ಮುದುಕಿ ಬಾಗಿಲಿಗೆ ಬಂದು, “ಎಂದ ಬರ್ತಿಯವಾ?” ಎಂದಳು.

“ಹಬ್ಬ ಮಾಡಕೊಂಡು ಬಂದಬಿಡ್ತೀನಿ, ಯವ್ವಾ.”

ಮಗಳು ಹಿಂದೆ ಕೌದಿಗಳ ಮೇಲೆ ಕುಳಿತು ಕೈ ಬೀಸಿದಳು. ಗಾಡಿ ಹೋದ ಮೇಲೆ ನಾನು ಮನೆ ಗುಡಿಸಿ, ಕೀಲಿ ಕೊಟ್ಟು, ಗದಗಿನ ಗೆಳೆಯನ ಖೋಲಿಗೆ ಹೋದೆ.

ಹಬ್ಬ ಮುಗಿಯಿತು. ಗಣಪತಿ, ದಸರಾ, ದೀಪಾವಳಿಯೂ ಮುಗಿದವು. ಮುದ್ರಣಾಲಯಗಳಲ್ಲಿ ಕರಡು ತಿದ್ದುವ ಕೆಲಸ ಕೇಳಿದೆ. ಮದುವೆಗೇ ಜನ ಸೇರುವಂತಿರಲಿಲ್ಲ, ಲಗ್ನಪತ್ರಿಕೆ ಮಾಡಿಸುವವರು ಎಲ್ಲಿಂದ ಬರಬೇಕು? ಒಂದೊಂದು ವಾರ ಕೆಲಸ ಸಿಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

ಫೋನಿನಲ್ಲಿ ನಾವು ಆಡದ ಮಾತು ಒಂದೇ. ತವರಿನವರು ಮಗಳಿಗೆ ಹೋಗು ಎನ್ನುವಂತಿಲ್ಲ. ಹಾಗೆ ಅಂದರೆ ಕೂಳು ಭಾರವಾಯಿತೆಂದು ಅರ್ಥ. ಅವಳಾಗಿ ಬರುತ್ತೇನೆ ಎನ್ನುವಂತಿಲ್ಲ, ಗಂಡ ಬಂದು ಕರೆಯಬೇಕು. ಕರೆಯಲು ನನಗೆ ಮನೆಯಿರಲಿಲ್ಲ. ಹೀಗಾಗಿ ಅವಳು ಹೊಳೆಗೆ ನೀರು ಬಂದದ್ದು ಹೇಳುತ್ತಿದ್ದಳು. ನಾನು ಗದಗಿನ ಮಳೆ ಹೇಳುತ್ತಿದ್ದೆ. ಮಳೆ ನಿಂತ ಮೇಲೆ ಮಾತು ಇನ್ನೂ ಕಡಿಮೆಯಾಯಿತು. ಫೋನು ಇಡುವ ಮೊದಲು ಅವಳು, “ಊಟಾ ಆತೇನ್ರಿ?” ಎಂದು ಕೇಳುತ್ತಿದ್ದಳು. ಆತು ಎನ್ನುತ್ತಿದ್ದೆ. ಏನು ಉಂಡೆ ಎಂದು ಅವಳು ಕೇಳುತ್ತಿರಲಿಲ್ಲ.

ಹೊಸ ವರ್ಷದಲ್ಲಿ ಲಕ್ಷ್ಮೇಶ್ವರದ ಬೀಜ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು. ಪಗಾರ ಸಣ್ಣದು. ಅಂಗಡಿಯ ಹಿಂದಿನ ಖೋಲಿ ಪುಕ್ಕಟೆ. ಅದರಲ್ಲಿ ಅರ್ಧ ಚೀಲಗಳು, ಉಳಿದರ್ಧದಲ್ಲಿ ನಾನು. ಗೊಬ್ಬರದ ವಾಸನೆ ಅಂಗಿಗೆ ಹತ್ತಿಕೊಂಡಿತು. ಮಧ್ಯಾಹ್ನ ಖಾನಾವಳಿಯಿಂದ ತರಿಸಿದ ಡಬ್ಬಿ ಬಿಚ್ಚಿದರೆ ರೊಟ್ಟಿ ತಣ್ಣಗಿರುತ್ತಿತ್ತು. ಓಣಿಯಲ್ಲಿ ಯಾರಾದರೂ ರೊಟ್ಟಿ ಬಡಿಯುವುದು ಕೇಳಿದರೆ ಬಿಲ್ಲು ಬರೆಯುವ ಕೈ ನಿಲ್ಲುತ್ತಿತ್ತು.

ಶಿವರಾತ್ರಿ ಕಳೆದ ರವಿವಾರ ರಜೆ ಕೇಳಿ ಕೊರ್ಲಹಳ್ಳಿಗೆ ಹೋದೆ. ಹೆಂಡತಿ ಮಗಳನ್ನು ನೋಡಿಕೊಂಡು ಸಂಜೆಗೆ ತಿರುಗಿ ಬರುವ ವಿಚಾರವಿತ್ತು. ಹೇಳಿ ಹೋಗಿರಲಿಲ್ಲ. ಮಗಳು ಓಡಿ ಬಂದವಳು ಎರಡು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ಎತ್ತರವಾಗಿದ್ದಳು. ನಾನು ಕೈ ಚಾಚಿದ ಮೇಲೆ ಬಂದಳು.

ಅತ್ತೆ ಅಂಗಳದಲ್ಲಿ ನನ್ನನ್ನು ನೋಡಿದ್ದೇ ಒಳಗೆ ತಿರುಗಿ ಕೂಗಿದರು: “ಅಳಿಯಂದ್ರು ಕರಿಯಾಕ ಬಂದಾರ! ಕಡ್ಲಿಬ್ಯಾಳಿ ಹಾಕ್ರಿ ಜಲ್ದಿ!”

ಹೋಳಿಗೆಯ ಊಟವಾಯಿತು. ಊಟವಾದದ್ದೇ ಅತ್ತೆ ನನ್ನ ಹೆಂಡತಿಯನ್ನು ಮಣೆಯ ಮೇಲೆ ಕೂಡ್ರಿಸಿ, ಹೊಸ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಸೆರಗಿಗೆ ಹಾಕಿ ಉಡಿ ತುಂಬಿದರು. ಕಣ್ಣೊರೆಸಿಕೊಂಡರು. ಆ ಮನೆಯಲ್ಲಿ ಉಡಿ ತುಂಬಿದ ಮಗಳು ಅಂದೇ ಹೊಸ್ತಿಲು ದಾಟಬೇಕು. ಅಂದು ತಿರುಗಿ ಒಳಗೆ ಬರುವಂತಿಲ್ಲ. ನಾನು ಬರೀ ನೋಡಲು ಬಂದಿದ್ದೆ ಎಂದು ಹೇಳಲು ಅಷ್ಟು ಹೊತ್ತಿತ್ತು. ಎಂಟು ತಿಂಗಳು ಇಬ್ಬರನ್ನು ಸಾಕಿದವರ ಮುಂದೆ ಆ ಮಾತು ಬರಲಿಲ್ಲ. ಹೆಂಡತಿ ತಲೆ ಎತ್ತಿ ಒಮ್ಮೆ ನೋಡಿದಳು. ಅವಳಿಗೆ ಗೊತ್ತಾಗಿತ್ತು.

ಮೈದುನ ಮೂವರನ್ನೂ ಮುಂಡರಗಿ ಬಸ್ ನಿಲ್ದಾಣಕ್ಕೆ ಬಿಟ್ಟು ಹೋದ. ಬೆಂಚಿನ ಮೇಲೆ ಕುಳಿತೆವು. ಅವಳು ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಖೋಲಿ ಎಷ್ಟು ದೊಡ್ಡದೈತ್ರಿ?”

ಹೇಳಿದೆ.

“ಅಂದ್ರ ನನ್ನ ಯೂರಿಯಾ ಚೀಲದ ಮ್ಯಾಲ ಕುಂದ್ರಸ್ತೀರಿ. ಇಕೀನ್ನ ಡಿಎಪಿ ಮ್ಯಾಲ.”

ಮಗಳು ನಕ್ಕಳು. ಅವಳೂ ನಕ್ಕಳು. “ಬ್ಯಾಡ ಅನಬೇಕಿತ್ತು ನೀವು,” ಎಂದಳು.

“ಹೆಂಗ ಅನ್ನಲಿ?”

“ಖರೆ. ನನಗೂ ಅನ್ನಾಕ ಆಗಲಿಲ್ಲ. ಉಡಿ ತುಂಬಿಸ್ಕೋಬೇಕು ಅನಸ್ತು.”

ಲಕ್ಷ್ಮೇಶ್ವರದ ಕಡೆಯ ಬಸ್ಸು ಬಂತು. ನಾವು ಏಳಲಿಲ್ಲ. ಅದು ಹೋದ ಮೇಲೆ ಅವಳು ಎದ್ದು, ಮುಂಡರಗಿಯಲ್ಲೇ ಸಣ್ಣ ಖಾನಾವಳಿ ನಡೆಸುವ ತನ್ನ ಚಿಗವ್ವನ ಮನೆಗೆ ನಡೆದಳು. ಚಿಗವ್ವ ಎಲ್ಲ ಕೇಳಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

“ತವರು ಬಿಟ್ಟೀರಿ, ಗಂಡನ ಮನಿ ಮುಟ್ಟಿಲ್ಲ. ಅಂದ್ರ ನನ್ನ ಮನಿ ಬಸ್ ಸ್ಟ್ಯಾಂಡ್ ಆತು. ಬರ್ರಿ, ಒಳಗ ಬರ್ರಿ. ನಿನಗ ರೊಟ್ಟಿ ಬಡಿಯಾಕ ಬರ್ತೈತಿಲ್ಲ?”

ಕತ್ತಲಾಗುವ ಮೊದಲು ನಾನು ಬಸ್ ಹತ್ತಿದೆ. ಅವಳು ನಿಲ್ದಾಣದವರೆಗೆ ಬರಲಿಲ್ಲ. ಹಿಟ್ಟು ನಾದಿ ಇಟ್ಟಿದ್ದಳು.

ಅಂದಿನಿಂದ ಅವಳು ಖಾನಾವಳಿಯಲ್ಲಿ ರೊಟ್ಟಿ ಮಾಡುತ್ತಾಳೆ. ಎಪ್ರಿಲ್ ಕೊನೆಗೆ ಮತ್ತೆ ಲಾಕ್‌ಡೌನ್ ಆಗಿ ಬಸ್ಸುಗಳು ನಿಂತಾಗ ಎರಡು ತಿಂಗಳು ಮುಖ ನೋಡಲಾಗಲಿಲ್ಲ. ಆ ಅಕ್ಟೋಬರಿನಲ್ಲಿ ತರಗತಿಗಳು ಶುರುವಾದವು, ಮಗಳು ಮುಂಡರಗಿಯ ಶಾಲೆ ಸೇರಿದಳು. ರಜೆ ಸಿಕ್ಕ ರವಿವಾರ ನಾನು ಶಿರಹಟ್ಟಿಯಲ್ಲಿ ಬಸ್ ಬದಲಿಸಿ ಅಲ್ಲಿಗೆ ಹೋಗುತ್ತೇನೆ. ಗಿರಾಕಿಗಳ ಸಾಲಿನಲ್ಲಿ ಕುಳಿತು ಉಣ್ಣುತ್ತೇನೆ. ಅವಳು ಒಳಗೆ ಒಲೆಯ ಮುಂದಿರುತ್ತಾಳೆ, ರೊಟ್ಟಿಯನ್ನು ಬೇರೆಯವರು ತಂದು ಹಾಕುತ್ತಾರೆ. ಬಿಸಿ ಇರುತ್ತದೆ. ಸದ್ದು ಗೋಡೆಯ ಆಚೆಯಿಂದ ಕೇಳುತ್ತದೆ. ಒಮ್ಮೆ ಒಳಗೇ ಹೋಗಿ ಅವಳ ಪಕ್ಕದಲ್ಲಿ ಕುಳಿತೆ. “ಎದ್ದೇಳ್ರಿ, ಮಂದಿ ಕಾಯಾಕ ಹತ್ಯಾರ,” ಎಂದಳು.

ಅಂಗಡಿಗೆ ಬರುವ ಶಿರಹಟ್ಟಿಯ ರೈತರೊಬ್ಬರು ತಮ್ಮ ಓಣಿಯಲ್ಲಿ ಎರಡು ಖೋಲಿಯ ಮನೆಯಿದೆ ಎಂದರು. ಶಿರಹಟ್ಟಿಯಿಂದ ನಾನು ಲಕ್ಷ್ಮೇಶ್ವರಕ್ಕೂ ಅವಳು ಮುಂಡರಗಿಗೂ ದಿನಾಲು ಹೋಗಿ ಬರಬಹುದು. 2022ರ ಫೆಬ್ರುವರಿ ಕೊನೆಯ ರವಿವಾರ ಮೂವರೂ ಹೋಗಿ ನೋಡಿದೆವು. ಅವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ನೋಡಿದಳು. ಪಕ್ಕದಲ್ಲಿ ಇನ್ನೊಬ್ಬರು ಕೂಡುವಷ್ಟು ಜಾಗವಿತ್ತು. ಮನೆಯನ್ನು ಮತ್ತೊಬ್ಬರೂ ಕೇಳಿದ್ದಾರೆ. ಯುಗಾದಿ ಆದ ಮೇಲೆ ಹೇಳುತ್ತೇನೆ ಎಂದು ಮನೆಯ ಮಾಲೀಕರು ತಿಳಿಸಿದ್ದಾರೆ.