ಕೆರೆಯಲ್ಲಿ ನಡೆಸಿದ ಉಸ್ತಾದರು

ನನ್ನ ಬಲ ಮೊಣಕಾಲಿಗೆ ನಾನು ತೆತ್ತ ಬೆಲೆ ಒಂದು ವರ್ಷ, ಮತ್ತು ಒಂದು ಕಾರ್ಖಾನೆಯ ಕೆಲಸ. ಅಷ್ಟು ದುಬಾರಿಯಾದದ್ದು ಯಾಕೆಂದರೆ, ಬೆಲೆ ಹೇಳಿದವರು ಒಂದು ದಿನವನ್ನೂ ಇಳಿಸಲಿಲ್ಲ. ಜೀವಮಾನವೆಲ್ಲ ದನದ ವ್ಯಾಪಾರ ಮಾಡಿದವನು ನಾನು. ಹೇಳಿದ ಬೆಲೆಗೆ ಹೂಂ ಅಂದದ್ದು ಇದೊಂದಕ್ಕೇ. ಅದೂ ಸುಲಭವಾಗಿ ಅಲ್ಲ.

ಆ ಬೆಲೆ ಹೇಳಿದವರು ಯಲಹಂಕದ ನಮ್ಮ ಗರಡಿಯ ಉಸ್ತಾದರು. ಅವರ ಎಡಗೈ ಹೆಬ್ಬೆರಳು ಸುತ್ತಿಗೆಯ ಏಟು ತಿಂದು ತಿಂದು ಚಪ್ಪಟೆಯಾಗಿ, ಉಗುರೇ ಇಲ್ಲದೆ, ಸಣ್ಣ ಸೌಟಿನ ಹಾಗೆ ಅಗಲವಾಗಿತ್ತು. ಆ ಬೆರಳನ್ನು ನೋವಿನ ಜಾಗದ ಮೇಲಿಟ್ಟು ಕಣ್ಣು ಮುಚ್ಚಿಕೊಳ್ಳುವರು. ಎಲ್ಲಿ ನೋವು, ಹೇಗಾಯಿತು ಅಂತ ನಾವು ಶುರು ಮಾಡಿದರೆ, "ನೀನು ಸುಮ್ಕಿರ್ಲಾ, ನಾನು ಕಾಲ್ನ ಕೇಳ್ತಾ ಇವ್ನಿ" ಅನ್ನುವರು.

ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಎತ್ತುಗಳಿಗೆ ಲಾಳ ಕಟ್ಟುವ ಕೆಲಸ. ಐವತ್ತರ ದಶಕದಲ್ಲಿ ಬಳ್ಳಾರಿ ರಸ್ತೆ, ದೊಡ್ಡಬಳ್ಳಾಪುರದ ರಸ್ತೆ ಎರಡರಲ್ಲೂ ಲಾರಿಗಿಂತ ಗಾಡಿಗಳೇ ಹೆಚ್ಚು. ಬೆಳಿಗ್ಗೆ ಗರಡಿ, ಬಿಸಿಲೇರಿದ ಮೇಲೆ ರಸ್ತೆ ಬದಿಯ ಹೊಂಗೆ ಮರದಡಿ ಲಾಳ. ಎತ್ತನ್ನು ಹಗ್ಗ ಹಾಕಿ ಕೆಡವುವ ಮೊದಲು ಅದನ್ನು ಹತ್ತು ಹೆಜ್ಜೆ ನಡೆಸಿ ನೋಡುವರು. ಯಾವ ಕಾಲು ನೆಲಕ್ಕೆ ಹೆದರುತ್ತಿದೆ ಅಂತ ಆ ಹತ್ತು ಹೆಜ್ಜೆಯಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಗರಡಿಗೆ ಹೊಸಬರು ಬಂದರೂ ಅದೇ ಕ್ರಮ. ತೋಳು ತಿರುವಿ ತೋರಿಸುವವನನ್ನು ಕಣ್ಣೆತ್ತಿಯೂ ನೋಡದೆ, "ಬಾಗ್ಲಿಂದ ಇಲ್ಲೀಗಂಟ ನಡ್ಕೊಂಡ್ ಬಾ" ಅನ್ನುವರು. ಆಮೇಲೆ ಒಬ್ಬನಿಗೆ ಬಸ್ಕಿ, ಒಬ್ಬನಿಗೆ ದಂಡೆ, ಇನ್ನೊಬ್ಬನಿಗೆ ಗದೆ ತಿರುಗಿಸುವುದು, ಹೀಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಸಾಮು. ಉಳ್ಳವರ ಮಕ್ಕಳು ಬಾದಾಮಿ ನೆನೆಸಿ ತರುತ್ತಿದ್ದರು. ನಮಗೆ ನೆನೆಸಿದ ಕಡಲೆಬೀಜ. "ಒಟ್ಟೆಗೆ ಕಾಳಿನ್ ಎಸ್ರು ಗೊತ್ತಾಗಲ್ಲ ಕಣ್ಲಾ, ಚೆನ್ನಾಗಿ ಅಗಿ" ಅನ್ನುವರು.

ನೋವಿನ ಬಗ್ಗೆ ಅವರದೊಂದು ಮಾತಿತ್ತು. ಗೊಣಗೋ ನೋವು ಬೇರೆ, ಕೂಗೋ ನೋವು ಬೇರೆ. ಗೊಣಗೋ ನೋವಿನ ಜೊತೆ ಕೆಲಸ ಮಾಡು, ಅದು ಅತ್ತೆ ಇದ್ದ ಹಾಗೆ, ಇದ್ದೇ ಇರುತ್ತದೆ. ಕೂಗೋ ನೋವು ಬಂದರೆ ಆ ಗಳಿಗೆಯೇ ನಿಲ್ಲು. ಈಗಿನ ದೊಡ್ಡ ದೊಡ್ಡ ಕೋಚುಗಳು ಇದನ್ನೇ ಉದ್ದ ಮಾಡಿ ಹೇಳುವುದನ್ನು ಕೇಳಿದ್ದೇನೆ. ಇದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ನನಗೆ ಸಿಕ್ಕಿಲ್ಲ.

ನನ್ನ ಮೊಣಕಾಲು ಹೋದದ್ದು ನನ್ನ ತಪ್ಪಿನಿಂದಲೇ. ಗರಡಿಯಲ್ಲಿ ಕುಸ್ತಿಗೆ ಮೊದಲು ಮಟ್ಟಿಯ, ಅಂದರೆ ಕುಸ್ತಿಯ ಕಣದ, ಕೆಮ್ಮಣ್ಣನ್ನು ಸರದಿಯ ಪ್ರಕಾರ ಒಬ್ಬೊಬ್ಬರು ಅಗೆದು ಹದ ಮಾಡಬೇಕು. ಆ ದಿನ ಸರದಿ ನನ್ನದು. ಸಂತೆಗೆ ಹೋಗುವ ಅವಸರದಲ್ಲಿ ಮೇಲೆ ಮೇಲೆ ಕೆರೆದು ಸಮ ಮಾಡಿದೆ. ಅರ್ಧ ಗಂಟೆಯಾದ ಮೇಲೆ ಜೋಡಿಯವನು ನನ್ನ ಸೊಂಟ ಹಿಡಿದು ತಿರುಗಿಸಿದಾಗ ಮೈ ತಿರುಗಿತು, ಅಗೆಯದೆ ಬಿಟ್ಟ ಗಟ್ಟಿ ಮಣ್ಣಿನಲ್ಲಿ ಸಿಕ್ಕ ಪಾದ ತಿರುಗಲಿಲ್ಲ. ಒಳಗೆ ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು.

ಉಸ್ತಾದರು ಬಂದು ಕೂತರು. ಬೆರಳಿಟ್ಟು ಕಣ್ಣು ಮುಚ್ಚಿದರು. ಎಳೆಯಲಿಲ್ಲ, ತಿರುಚಲಿಲ್ಲ, ಬಿಸಿ ಎಣ್ಣೆ ತಿಕ್ಕಲಿಲ್ಲ. ಎರಡು ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮೂಳೆ ನೆಟ್ಟಗಿದೆ ಅಂತ ಡಾಕ್ಟರ ಬಾಯಿಂದಲೇ ಕೇಳಿ, ವಾಪಸು ಕರೆತಂದರು.

ನನಗೆ ಇದ್ದದ್ದು ಒಂದೇ ಚಿಂತೆ. ಯಶವಂತಪುರದ ಆಚೆಯ ಒಂದು ಕಾರ್ಖಾನೆಯವರು ತಮ್ಮ ಕುಸ್ತಿ ತಂಡಕ್ಕೆ ಹುಡುಗರನ್ನು ಆರಿಸಿ ಕೆಲಸ ಕೊಡುವವರಿದ್ದರು. ಆಯ್ಕೆಗೆ ಇದ್ದದ್ದು ನಾಲ್ಕು ತಿಂಗಳು. ಅಪ್ಪ ಇಲ್ಲದ ಮನೆ. ದನ ಹೊಡೆದುಕೊಂಡು ಸಂತೆಯಿಂದ ಸಂತೆಗೆ ನಡೆಯುವ ಬಾಳಿನಿಂದ ತಿಂಗಳ ಸಂಬಳಕ್ಕೆ ದಾಟಲು ನನಗಿದ್ದದ್ದು ಅದೊಂದೇ ದಾರಿ.

"ಎಷ್ಟು ತಿಂಗಳು ಬೇಕು ಉಸ್ತಾದ್ರೆ?" ಅಂದೆ.

ಅವರು ಹೆಗಲ ಟವಲನ್ನು ಇಬ್ಬರ ಕೈ ಮೇಲೂ ಹಾಸಿದರು. ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ನಾನು ಅವರ ಮೂರು ಬೆರಳು ಹಿಡಿದೆ. ಅವರು ನನ್ನ ಐದೂ ಬೆರಳು ಹಿಡಿದು ಬಿಟ್ಟರು. ಮತ್ತೆ ಐದೂ ಹಿಡಿದರು. ಆಮೇಲೆ ಎರಡು.

"ಅನ್ನೆರಡಾ? ಅನ್ಯಾಯ ಕಣ್ರೀ ಉಸ್ತಾದ್ರೆ. ನಾಲ್ಕಕ್ಕೆ ಮುಗಿಸಿ."

"ನಾನು ಏಳಿದ್ರೆ ಇಳಿಸ್ಬೋದಿತ್ತು ಕಣ್ಲಾ. ಏಳಿದ್ದು ನಿನ್ ಕಾಲು. ಅದ್ರತ್ರ ಮಾತಾಡ್ಕೊ."

ಊತ ಇಳಿದ ಮೇಲೆ ನನ್ನನ್ನು ಯಲಹಂಕ ಕೆರೆಗೆ ಇಳಿಸಿದರು. ಕುಂಟುವ ಎತ್ತಿಗೆ ಅವರು ಮಾಡುತ್ತಿದ್ದ ಚಿಕಿತ್ಸೆಯೇ ಅದು. ಮೊದಲು ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಕೆಲವು ವಾರವಾದ ಮೇಲೆ ಸೊಂಟದ ಮಟ್ಟಕ್ಕೆ ಬರಬೇಕು, ಆಮೇಲೆ ತೊಡೆ, ಆಮೇಲೆ ಮೊಣಕಾಲು. "ನೀರು ನಿನ್ ಬಾರ ಒತ್ಕೊಂಡೈತೆ. ಒಂದೇ ಸಲ ವಾಪಸ್ ಕೇಳ್ಬ್ಯಾಡ. ಅದು ಸ್ವಲ್ಪ ಸ್ವಲ್ಪವಾಗಿ ಕೊಡ್ತದೆ, ಅಂಗೇ ಈಸ್ಕೊ." ಅವರೂ ಪಂಚೆ ಮೇಲೆ ಕಟ್ಟಿ ಪಕ್ಕದಲ್ಲೇ ಇಳಿಯುವರು. ಕೈಯಲ್ಲಿ ಬಿದಿರ ಕೋಲು, ನಾನು ಜಾರಿದರೆ ಹಿಡಿಯಲಿಕ್ಕೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು, "ಎತ್ತು ಮಾರಾಕಾ ಉಸ್ತಾದಣ್ಣ? ಅಲ್ಲೆಷ್ಟು?" ಅಂತ, ವಯಸ್ಸು ತಿಳಿಯಲು ಎತ್ತಿನ ಹಲ್ಲು ಎಣಿಸುವವರ ಹಾಗೆ, ಕೇಳುವರು. "ಅಲ್ಲೇನೋ ಸರಿಯಾಗವೆ ತಾಯಿ, ಬುದ್ದಿ ಒಂದು ಬಂದ್ರೆ ಸಾಕು" ಅಂತ ಇವರು.

ಮೂರನೇ ತಿಂಗಳು ಕಳೆಯುವಾಗ ನೋವು ಹೋಯಿತು. ನೋವು ಹೋದರೆ ಗುಣವಾಯಿತು ಅಂತ ನಾನು ತಿಳಿದೆ. ಎಲ್ಲರೂ ಹಾಗೇ ತಿಳಿಯುತ್ತಾರೆ. ಇನ್ನೂ ಸೊಂಟದ ನೀರಿನಲ್ಲಿದ್ದವನು, ಅವರಿಗೆ ಹೇಳದೆ, ಗರಡಿಯ ಬೇರೆ ಹುಡುಗರ ಜೊತೆ ಕಾರ್ಖಾನೆಗೆ ಹೆಸರು ಕೊಟ್ಟೆ.

ಆಯ್ಕೆ ಎರಡು ದಿನ. ಮೊದಲ ದಿನ ಡಾಕ್ಟರ ತಪಾಸಣೆ, ಮಾರನೆಯ ದಿನ ಕುಸ್ತಿ. ಒಂದು ಸಣ್ಣ ಕುಂಟು ನನ್ನಲ್ಲಿ ಉಳಿದಿತ್ತು. ಅದನ್ನು ಮುಚ್ಚಲು ನನಗೆ ಹೊಳೆದದ್ದು ನಮ್ಮ ಕಸುಬಿನ ಒಂದು ಕೆಟ್ಟ ವಿದ್ಯೆ. ಎತ್ತು ಒಂದು ಕಾಲು ಕುಂಟುತ್ತಿದ್ದರೆ, ಮೋಸದ ದಲ್ಲಾಳಿ ಅದರ ಇನ್ನೊಂದು ಕಾಲಿನ ಗೊರಸಿನ ಸಂದಿಗೆ ಒಂದು ಕಲ್ಲು ಸಿಕ್ಕಿಸುತ್ತಾನೆ. ಆಗ ಎತ್ತು ಎರಡೂ ಕಾಲನ್ನು ಸಮನಾಗಿ ಹೆದರಿ ಹೆದರಿ ಇಡುತ್ತದೆ, ಕುಂಟು ಕಾಣುವುದಿಲ್ಲ. ಕೊಳ್ಳುವವನಿಗೆ "ಸಾಧು ಎತ್ತು ಸ್ವಾಮಿ, ನಿಧಾನ" ಅಂತ ಹೇಳಿ ಹಗ್ಗ ಕೈಗೆ ಕೊಡುತ್ತಾನೆ. ನಾನು ನನ್ನ ಎಡಗಾಲ ಬೂಟಿನೊಳಗೆ ಒಂದು ಹುಣಸೆ ಬೀಜ ಹಾಕಿಕೊಂಡೆ.

ಡಾಕ್ಟರು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿ ನೋಡಿದರು. ಸಾಧು ಎತ್ತಿನ ಹಾಗೆ ನಡೆದೆ. "ಫಿಟ್" ಅಂದರು.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಉಸ್ತಾದರು ನಿಂತಿದ್ದಾರೆ. ತಂಡದ ಉಸ್ತುವಾರಿ ನೋಡುವ ಅಧಿಕಾರಿ, ಗರಡಿಯ ಹುಡುಗರ ಬಗ್ಗೆ ಮಾತು ಕೇಳಲು ಅವರನ್ನು ಕರೆಸಿದ್ದರಂತೆ. ನನ್ನನ್ನು ಅಲ್ಲಿ ಕಂಡು ಅವರು ಬೈಯಲಿಲ್ಲ. ನಾನು ಹತ್ತಿರ ಬರುವವರೆಗೆ ಪಾದಗಳನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವಂತೆ ಅಂದರು:

"ಎಡಗಾಲಲ್ಲಿ ಏನ್ ಐತೆ?"

"ಏನಿಲ್ಲ ಉಸ್ತಾದ್ರೆ."

"ನಾನು ಮೂವತ್ತು ವರ್ಸದಿಂದ ಕಾಲು ಎತ್ತಿ ನೋಡ್ತಾ ಇವ್ನಿ ಕಣ್ಲಾ. ನೀನೇ ಏಳ್ತೀಯೋ, ನಾನೇಳ್ಲೋ?"

ನಾನು ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡೆ. ಅಧಿಕಾರಿ ಹೊರಗೆ ಬಂದು, "ಏನ್ರೀ ಉಸ್ತಾದ್, ಈ ಹುಡುಗ ಹೇಗೆ? ಡಾಕ್ಟ್ರು ಒಪ್ಕೊಂಡಿದಾರೆ" ಅಂದರು.

"ಉಡ್ಗ ಚಿನ್ನ ಸ್ವಾಮಿ. ಕಾಲು ಇನ್ನೂ ಅಸಿ. ನಾಳೆ ಮಟ್ಟಿಗೆ ಇಳಿಸಿದ್ರೆ ಮುರೀತದೆ. ಎಂಟು ತಿಂಗಳು ಕಾಯೋಕಾದ್ರೆ ಇವನಂತೋನು ನಿಮಗೆ ಸಿಕ್ಕಲ್ಲ."

"ಎಂಟು ತಿಂಗಳು ಯಾರ್ರೀ ಕಾಯ್ತಾರೆ?" ಅಂದು ಅಧಿಕಾರಿ ನನ್ನ ಹೆಸರಿನ ಮೇಲೆ ಗೀಟು ಎಳೆದರು. ಕೆಟ್ಟವರಲ್ಲ, ಅವರ ಕೆಲಸ ಅವರು ಮಾಡಿದರು. ನನ್ನ ಜಾಗಕ್ಕೆ ಗರಡಿಯಲ್ಲಿ ನನಗಿಂತ ಕಡಿಮೆಯಾದವನೊಬ್ಬ ಹೋದ.

ವಾಪಸು ಬರುವ ದಾರಿಯಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ನನ್ನ ಅನ್ನಕ್ಕೆ ಮಣ್ಣು ಹಾಕಿದಿರಿ ಅಂದೆ. ಸ್ವಂತ ಮಗ ಆಗಿದ್ದರೆ ಹೀಗೆ ಮಾಡುತ್ತಿದ್ದಿರಾ ಅಂದೆ. ಅವರಿಗೆ ಮಕ್ಕಳಿಲ್ಲ, ಅದು ನನಗೆ ಗೊತ್ತಿದ್ದೇ ಅಂದೆ. ಅವರು ನಡೆಯುತ್ತಲೇ ಅಂದರು: "ಕಾಲು ಓದ ಎತ್ತಾದ್ರೆ ಯಾರಿಗೋ ಒಬ್ಬಂಗೆ ಸುಳ್ಳೇಳಿ ಮಾರಿ ಕೈ ತೊಳ್ಕೊಬೋದು. ನಿನ್ನ ಯಾರಿಗೆ ಮಾರ್ಲಿ?"

ನಾನು ಗರಡಿ ಬಿಟ್ಟೆ. ದನಕ್ಕೆ ನೀರು ಕುಡಿಸಲು ಹೋದರೂ ಕೆರೆಯ ಆಚೆ ದಡಕ್ಕೆ ಹೋಗುತ್ತಿದ್ದೆ. ಈಚೆ ದಡದಲ್ಲಿ, ನಮ್ಮ ಹೊತ್ತಿಗೆ ಸರಿಯಾಗಿ, ಅವರು ಕೋಲು ಹಿಡಿದು ಸೊಂಟದ ನೀರಿನಲ್ಲಿ ಒಬ್ಬರೇ ನಿಂತಿರುತ್ತಿದ್ದರು. ಕೂಗುತ್ತಿರಲಿಲ್ಲ, ಕೈ ಬೀಸುತ್ತಿರಲಿಲ್ಲ. ಒಂದಷ್ಟು ಹೊತ್ತು ನಿಂತು, ಪಂಚೆ ಹಿಂಡಿಕೊಂಡು ಲಾಳದ ಕೆಲಸಕ್ಕೆ ಹೊರಡುವರು. ಹೀಗೆ ಮೂರು ವಾರ ನಡೆಯಿತು. ನಾನು ಹಟಮಾರಿ, ಅವರ ಹಟ ನನ್ನದಕ್ಕಿಂತ ದೊಡ್ಡದು ಅಂತ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೆರೆ ಏರಿಯ ಮೇಲೆ ಹೋರಿಕರುವೊಂದು ಬೆದರಿ ಹಗ್ಗ ಜಗ್ಗಿತು. ತಡೆಯಲು ಬಲಗಾಲು ಊರಿದೆ. ಮೊಣಕಾಲು ಬಾಗಿಲ ತಿರುಗುಣಿ ಕಳಚಿದ ಹಾಗೆ ಪಕ್ಕಕ್ಕೆ ಹೋಯಿತು. ಬಿದ್ದೆ. ಅವತ್ತು ಆಯ್ಕೆಯ ಕುಸ್ತಿಗೆ ಇಳಿದಿದ್ದರೆ ಏನಾಗುತ್ತಿತ್ತು ಅಂತ ಬಿದ್ದ ಜಾಗದಲ್ಲೇ ಅರ್ಥವಾಯಿತು. ಎದುರಿಗೆ ಇದ್ದದ್ದು ಒಂದು ಹೋರಿಕರು, ಪೈಲ್ವಾನನೂ ಅಲ್ಲ. ಉಸ್ತಾದರು ಒದ್ದೆ ಪಂಚೆಯಲ್ಲೇ ಏರಿ ಹತ್ತಿ ಬಂದರು. ಮೊದಲು ಹೋರಿಯನ್ನು ಮರಕ್ಕೆ ಕಟ್ಟಿದರು. ಆಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದರು. ಈ ಸಲ ಬಹಳ ಹೊತ್ತು.

"ಕಾಲು ಇನ್ನೂ ಐತೆ," ಅಂದರು. "ಬಾ. ಎದೆ ನೀರಿಂದ ಶುರು."

ಮತ್ತೆ ಮೊದಲಿನಿಂದ. ಎದೆ, ಸೊಂಟ, ತೊಡೆ, ಮೊಣಕಾಲು. ನೀರು ಮುಗಿದ ಮೇಲೆ ಉತ್ತ ಹೊಲ, ಹೊಲ ಮುಗಿದ ಮೇಲೆ ಏರಿಯ ಇಳಿಜಾರು. ಹತ್ತುವುದಕ್ಕಿಂತ ಇಳಿಯುವುದನ್ನು ಹೆಚ್ಚು ಮಾಡಿಸಿದರು; ಕಾಲು ಕೆಡುವುದು ಇಳಿಯುವಾಗ ಅನ್ನುವರು. ಕೊನೆಯ ಪರೀಕ್ಷೆ ಕುಸ್ತಿ ಇರಬಹುದು ಅಂದುಕೊಂಡಿದ್ದೆ. ಗುದ್ದಲಿ ಕೈಗೆ ಕೊಟ್ಟು, "ಮಟ್ಟಿ ಪೂರ್ತಿ ಅಗಿ, ಮೊಣಕಾಲುದ್ದ" ಅಂದರು. ಅಗೆದೆ. ಮೂಲೆ ಮೂಲೆಗೂ ಕಾಲಿಟ್ಟು ತುಳಿದು ನೋಡಿ, "ಓಗು, ನಿನ್ ಕಾಲು ನೀನ್ ತಕ್ಕೊಂಡೋಗು" ಅಂದರು. ಅವತ್ತು ಉಸ್ತಾದರ ಹೆಂಡತಿ ಒಬ್ಬಟ್ಟು ಮಾಡಿದ್ದರು. ನಾಲ್ಕು ತಿಂದೆ.

ದೊಡ್ಡ ಪೈಲ್ವಾನ ನಾನಾಗಲಿಲ್ಲ. ಕಾರ್ಖಾನೆ ಮತ್ತೆ ಕರೆಯಲಿಲ್ಲ. ನನ್ನ ಜಾಗಕ್ಕೆ ಹೋದವನು ಮನೆ ಕಟ್ಟಿಸಿದ, ಪಿಂಚಣಿ ತಿಂದ. ನೋಡಿ ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳು. ಆದರೆ ಅದೇ ಕಾಲ ಮೇಲೆ ನಾನು ಹೆಸರಘಟ್ಟದ ಹುಲ್ಲುಗಾವಲಿನಿಂದ ಊರೂರ ಸಂತೆಗೆ ದನ ನಡೆಸಿದೆ, ತಂಗಿಯರ ಮದುವೆ ಮಾಡಿದೆ, ಯಾರ ಕೈಕೆಳಗೂ ಇಲ್ಲದೆ ಬದುಕಿದೆ. ಕುಂಟನಾಗಿದ್ದರೆ ಕಾರ್ಖಾನೆಯೂ ಇಟ್ಟುಕೊಳ್ಳುತ್ತಿರಲಿಲ್ಲ, ಸಂತೆಯೂ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಉಸ್ತಾದರು ಅರವತ್ತರ ದಶಕದ ನಡುವೆ ತೀರಿಕೊಂಡರು. ಹತ್ತು ದಿನದ ಜ್ವರ, ಅಷ್ಟೇ. ನೋಡಲು ಹೋದಾಗಲೂ ಅವರು ನನ್ನ ಮುಖ ನೋಡುವ ಮೊದಲು, ಬಾಗಿಲಿಂದ ಮಂಚದವರೆಗಿನ ನನ್ನ ನಡಿಗೆ ನೋಡಿದರು. ಅವತ್ತು ದಾರಿಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಬೇಕು ಅಂತಲೇ ಹೋಗಿದ್ದೆ. "ಉಸ್ತಾದ್ರೆ, ನಾನು ಅವತ್ತು..." ಅಂತ ಶುರು ಮಾಡಿದರೆ, "ದನಕ್ಕೆ ನೀರು ಕುಡ್ಸಿದ್ಯಾ? ಒತ್ತಾಯ್ತು, ಓಗು" ಅಂದರು. ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಮಕ್ಕಳಿಲ್ಲದವರು, ಅವರ ಚಟ್ಟಕ್ಕೆ ಮುಂದಿನ ಎಡ ಹೆಗಲು ನಾನು ಕೊಟ್ಟೆ. ಕೆರೆ ಏರಿಯ ಇಳಿಜಾರಿನಲ್ಲಿ ಹೆಗಲು ಬದಲಾಯಿಸೋಣವೇ ಅಂತ ಯಾರೋ ಕೇಳಿದರು. ಬೇಡ ಅಂದೆ.

ಓದುತ್ತಿರುವ ನಿಮಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಕೈ ಕಾಲು ಪೆಟ್ಟಾದರೆ ಮೊದಲು ಡಾಕ್ಟರಿಗೆ ತೋರಿಸಿ, ಮೂಳೆ ನೋಡಿಸಿ. ಆಮೇಲೆ ಇಬ್ಬರು ಮೂವರನ್ನು ಕೇಳಿ, ಅವರಲ್ಲಿ ಹೆಚ್ಚು ದಿನ ಹೇಳಿದವರ ಹತ್ತಿರ ಹೋಗಿ. ಬೇರೆ ಎಲ್ಲದರಲ್ಲೂ ಚೌಕಾಸಿ ಮಾಡಿ, ಇದರಲ್ಲಿ ಬೇಡ. ನೋವು ಹೋದ ಮೇಲೂ ಹೇಳಿದಷ್ಟು ದಿನ ಪೂರ್ತಿ ಮಾಡಿ. ನಿಮ್ಮನ್ನು ತಡೆದವರ ಮೇಲೆ ಸಿಟ್ಟು ಬಂದರೆ ಬರಲಿ, ಆದರೆ ಅವರಿಗೆ ಹೇಳಬೇಕಾದ ಮಾತನ್ನು ಅವರು ಗಟ್ಟಿಯಾಗಿರುವಾಗಲೇ ಹೇಳಿಬಿಡಿ. ಇನ್ನು ಕೆರೆಯಲ್ಲೋ ಬಾವಿಯಲ್ಲೋ ಕಾಲು ಪಳಗಿಸುವುದಾದರೆ ಒಬ್ಬರೇ ಇಳಿಯಬೇಡಿ. ಯಾರದಾದರೂ ಕೈ ಹಿಡಿದುಕೊಳ್ಳಿ; ಮೊದಲ ಮೂರು ಮೆಟ್ಟಿಲಲ್ಲಿ ಪಾಚಿ ಇರುತ್ತದೆ, ಜಾರುತ್ತದೆ.